ವಿಶೇಷ ಶಿಕ್ಷಕರನ್ನು ಉಳಿಸಿಕೊಳ್ಳಬೇಕೆ? ಆಯಾಗಳ ಸಂಬಳವನ್ನೂ ಲೆಕ್ಕಕ್ಕೆ ತನ್ನಿ

ನಮ್ಮ ಶಾಲೆ ನೋಡಲು ಬಂದವರು ಹೊರಡುವಾಗ ಟೀಚರುಗಳ ಕಡೆ ತಿರುಗಿ ಹೇಳುತ್ತಿದ್ದ ಮಾತು ಹೆಚ್ಚುಕಡಿಮೆ ಒಂದೇ: “ಎಂಥಾ ಪುಣ್ಯದ ಕೆಲಸ ಮಾಡ್ತಿದೀರಮ್ಮ, ನಮ್ಮ ಕೈಲಂತೂ ಆಗ್ತಿರಲಿಲ್ಲ.” ಒಂದು ಸಲ ಅತಿಥಿಗಳ ಕಾರು ಗೇಟು ದಾಟಿದ ಮೇಲೆ ಹಿರಿಯ ಟೀಚರೊಬ್ಬರು ನನ್ನನ್ನು ಕೇಳಿದರು: “ಸಾರ್, ಈ ಪುಣ್ಯನ ಪಿಎಫ್ ಖಾತೆಗೆ ಹಾಕೋಕೆ ಬರುತ್ತಾ?” ಎಲ್ಲರೂ ನಕ್ಕೆವು. ಆ ವರ್ಷ ನಮ್ಮಲ್ಲಿ ಪಿಎಫ್ ಇರಲಿಲ್ಲ. ಮುಂದಿನ ಜೂನ್‌ಗೆ ಆ ಟೀಚರೂ ಇರಲಿಲ್ಲ.

ಮಲೆನಾಡಿನ ಒಂದು ತಾಲ್ಲೂಕು ಕೇಂದ್ರದಲ್ಲಿ ಬೌದ್ಧಿಕ ವಿಕಲತೆ ಇರುವ ಮಕ್ಕಳ ಶಾಲೆಗೆ ಹನ್ನೊಂದು ವರ್ಷ ಕಾರ್ಯದರ್ಶಿಯಾಗಿದ್ದೆ. ಇದ್ದದ್ದು ಆರು ಟೀಚರುಗಳ ಜಾಗ. ಮೊದಲ ನಾಲ್ಕು ವರ್ಷದಲ್ಲೇ ಒಂಬತ್ತು ಮಂದಿ ಬಿಟ್ಟು ಹೋದರು. ಕೊನೆಯ ಐದು ವರ್ಷದಲ್ಲಿ ಬಿಟ್ಟವರು ಇಬ್ಬರು, ಒಬ್ಬರು ಮದುವೆಯಾಗಿ ಬೇರೆ ಊರಿಗೆ, ಇನ್ನೊಬ್ಬರು ಸರ್ಕಾರಿ ಕೆಲಸಕ್ಕೆ. ನಡುವೆ ನಾವು ಬದಲಾಯಿಸಿಕೊಂಡ ಕ್ರಮಗಳನ್ನು ಇಲ್ಲಿ ಬರೆದಿದ್ದೇನೆ. ವಿಶೇಷ ಶಾಲೆ ನಡೆಸುವ ಟ್ರಸ್ಟುಗಳಿಗೆ, ಮುಖ್ಯ ಶಿಕ್ಷಕರಿಗೆ, ಸಾಮಾನ್ಯ ಶಾಲೆಯಲ್ಲಿ ಒಬ್ಬರೇ ಒಬ್ಬ ವಿಶೇಷ ಶಿಕ್ಷಕರನ್ನು ಇಟ್ಟುಕೊಂಡಿರುವ ಆಡಳಿತ ಮಂಡಳಿಗಳಿಗೆ ಉಪಯೋಗಕ್ಕೆ ಬಂದೀತು.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಮಕ್ಕಳು ಕಷ್ಟ ಎಂದು ಬಿಟ್ಟವರು ನಮ್ಮಲ್ಲಿ ಒಬ್ಬರೂ ಇಲ್ಲ. ಬಿಡಿಸಿದ್ದೆಲ್ಲ ಮಕ್ಕಳ ಸುತ್ತಲಿನ ಸಂಗತಿಗಳು.

ಮೊದಲು ಇರುವವರನ್ನು ಕೇಳಿ

ರಾಜೀನಾಮೆ ಪತ್ರದಲ್ಲಿ ಎಲ್ಲರೂ “ವೈಯಕ್ತಿಕ ಕಾರಣ” ಎಂದೇ ಬರೆಯುತ್ತಾರೆ, ಅದರಿಂದ ತಿಳಿಯುವುದು ಏನೂ ಇಲ್ಲ. ಹೋದವರಿಗೆ ಆರು ತಿಂಗಳು ಬಿಟ್ಟು ಫೋನ್ ಮಾಡಿ. ಅನುಭವ ಪತ್ರ ಕೈಗೆ ಸಿಕ್ಕಿರುತ್ತದೆ, ನಿಜ ಹೇಳುತ್ತಾರೆ. ಇನ್ನೂ ಒಳ್ಳೆಯದು, ಇರುವವರ ಜೊತೆ ವರ್ಷಕ್ಕೆ ಎರಡು ಸಲ ಒಬ್ಬೊಬ್ಬರಾಗಿ ಅರ್ಧ ಗಂಟೆ ಕೂತುಕೊಳ್ಳಿ. “ಏನಾದ್ರೂ ತೊಂದರೆ ಇದೆಯಾ?” ಎಂದರೆ “ಇಲ್ಲ ಸಾರ್” ಎನ್ನುತ್ತಾರೆ. “ಹೋದ ತಿಂಗಳು ಯಾವ ದಿನ ಶಾಲೆಗೆ ಬರೋದೇ ಬೇಡ ಅನ್ನಿಸ್ತು? ಅವತ್ತು ಏನಾಗಿತ್ತು?” ಎಂದು ಕೇಳಿ ನೋಡಿ. ನಾನು ಹಾಗೆ ಕೇಳಿದ ಮೊದಲ ವರ್ಷ ಆರರಲ್ಲಿ ನಾಲ್ಕು ಜನ ಹೇಳಿದ್ದು ಒಂದೇ ಉತ್ತರ: ಆಯಾ, ಅಂದರೆ ಮಕ್ಕಳ ಊಟ, ಶೌಚ ನೋಡಿಕೊಳ್ಳುವ ಸಹಾಯಕಿ, ಬಾರದ ದಿನ. ಅದಕ್ಕೆ ಆಮೇಲೆ ಬರುತ್ತೇನೆ, ಮೊದಲು ಸಂಬಳ.

ಸಂಬಳ ಎಷ್ಟು ಎನ್ನುವುದಕ್ಕಿಂತ ಎಂದು

ಹೆಚ್ಚು ಕೊಡಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಕೊಡುವುದನ್ನು ಗೊತ್ತಾದ ದಿನ ಕೊಡುವುದು ಸಣ್ಣ ಸಂಸ್ಥೆಗೂ ಸಾಧ್ಯ. ನಮ್ಮಂಥ ಶಾಲೆಗಳು ನಂಬಿಕೊಂಡಿರುವುದು ರಾಜ್ಯದ ಶಿಶು ಕೇಂದ್ರಿತ ಸಹಾಯಧನ ಯೋಜನೆಯನ್ನೋ, ಕೇಂದ್ರದ ದೀನದಯಾಳ್ ವಿಕಲಚೇತನರ ಪುನರ್ವಸತಿ ಯೋಜನೆಯನ್ನೋ. ಹಣ ಕಂತಿನಲ್ಲಿ ಬರುತ್ತದೆ, ಟೀಚರ ಮನೆ ಬಾಡಿಗೆ ಮಾತ್ರ ತಿಂಗಳಿಗೊಮ್ಮೆ ಬರುತ್ತದೆ. ಅನುದಾನ ಬಂದ ಮೇಲೆ ಒಟ್ಟಿಗೆ ಕೊಡುವ ಪದ್ಧತಿ ನಮ್ಮಲ್ಲೂ ಇತ್ತು. ಟೀಚರೊಬ್ಬರು ಬಳೆ ಅಡವಿಟ್ಟು ಮಗನ ಶಾಲೆ ಶುಲ್ಕ ಕಟ್ಟಿದ್ದು ನನಗೆ ಗೊತ್ತಾದದ್ದು ಅವರು ಬಿಟ್ಟ ಮೇಲೆ.

ಮೂರು ತಿಂಗಳ ಸಂಬಳದಷ್ಟು ಹಣ ಬೇರೆ ಖಾತೆಯಲ್ಲಿ ಇಡಿ, ಕಟ್ಟಡದ ಕೆಲಸಕ್ಕೂ ವಾರ್ಷಿಕೋತ್ಸವಕ್ಕೂ ಅದನ್ನು ಮುಟ್ಟಬೇಡಿ. ಆರು ಟೀಚರಿಗೆ ತಲಾ 18,000, ಮೂವರು ಆಯಾಗಳಿಗೆ ತಲಾ 12,000 ಎಂದಿಟ್ಟುಕೊಂಡರೆ ತಿಂಗಳಿಗೆ 1,44,000 ಆಯಿತು, ಮೂರು ತಿಂಗಳಿಗೆ 4,32,000. ದೊಡ್ಡ ಮೊತ್ತವೇ. ನಾವು ಕೂಡಿಸಿದ್ದು ಹೀಗೆ. ದಾನಿಗಳು ಮಗುವಿನ ಹುಟ್ಟುಹಬ್ಬಕ್ಕೋ ಹಿರಿಯರ ತಿಥಿಗೋ “ಒಂದು ದಿನದ ಊಟ” ಕೊಡುವುದು ಎಲ್ಲ ಶಾಲೆಗಳಲ್ಲೂ ಇದ್ದದ್ದೇ. ಅದೇ ರಸೀದಿ ಪುಸ್ತಕದಲ್ಲಿ “ಒಂದು ದಿನದ ಸಂಬಳ” ಎಂದು ಇನ್ನೊಂದು ಸಾಲು ಸೇರಿಸಿದೆವು. ಮೇಲಿನ ಲೆಕ್ಕದಲ್ಲಿ ಅದು 4,800 ರೂಪಾಯಿ. ಮೊದಮೊದಲು ಜನ ಮುಖ ನೋಡಿದರು, ಸಿಹಿಯೂಟ ಬಡಿಸುವ ಫೋಟೊ ಸಂಬಳದಲ್ಲಿ ಬರುವುದಿಲ್ಲವಲ್ಲ! ಎರಡು ವರ್ಷ ಹಿಡಿಯಿತು, ಆದರೆ ಖಾತೆ ತುಂಬಿತು. ಆಮೇಲೆ ಅನುದಾನ ಬಂದರೂ ಬಾರದಿದ್ದರೂ ಐದನೇ ತಾರೀಖಿಗೆ ಸಂಬಳ.

ಜೊತೆಗೆ ಕಾನೂನಿನ ಬಾಕಿಗಳು. 20 ಅಥವಾ ಹೆಚ್ಚು ನೌಕರರಿದ್ದರೆ ಪಿಎಫ್ ಕಡ್ಡಾಯ. ಕಡಿಮೆ ಇದ್ದರೂ ಆಡಳಿತ ಮತ್ತು ಬಹುಪಾಲು ನೌಕರರು ಒಪ್ಪಿ ಸ್ವಇಚ್ಛೆಯಿಂದ ಸೇರಬಹುದು. ಸಂಬಳ 21,000 ರೂಪಾಯಿಯೊಳಗೆ ಇರುವವರಿಗೆ ಇಎಸ್‌ಐ ಎಂಬ ನೌಕರರ ಆರೋಗ್ಯ ವಿಮೆ ಸಿಗುತ್ತದೆಯೇ ಎಂದು ನಿಮ್ಮ ಲೆಕ್ಕ ಪರಿಶೋಧಕರನ್ನು ಕೇಳಿ. ಕೆಲಸ ಬಿಡುವಾಗ ಕೊಡಬೇಕಾದ ಗ್ರಾಚ್ಯುಟಿಯನ್ನಂತೂ ಹೆಚ್ಚಿನ ಟ್ರಸ್ಟುಗಳು ಮರೆತೇಬಿಡುತ್ತವೆ. 2009ರ ತಿದ್ದುಪಡಿಯಿಂದ ಶಿಕ್ಷಕರೂ ಗ್ರಾಚ್ಯುಟಿ ಕಾಯ್ದೆಯೊಳಗೆ ಬಂದರು, ಅದೂ 1997ರ ಏಪ್ರಿಲ್ 3ರಿಂದ ಪೂರ್ವಾನ್ವಯವಾಗಿ. ಕೊನೆಯ ಸಂಬಳವನ್ನು 26ರಿಂದ ಭಾಗಿಸಿ, 15ರಿಂದ ಗುಣಿಸಿ, ಸೇವೆಯ ವರ್ಷಗಳಿಂದ ಗುಣಿಸಬೇಕು. 20,000 ಸಂಬಳದ ಟೀಚರ್ ಆರು ವರ್ಷ ಮುಗಿಸಿ ಹೊರಟರೆ ಸುಮಾರು 69,230 ರೂಪಾಯಿ. ಈ ಲೆಕ್ಕವನ್ನು ಕೆಲಸಕ್ಕೆ ಸೇರಿದ ದಿನವೇ ಕಾಗದದಲ್ಲಿ ಬರೆದು ಕೊಡಿ. ಸಾಮಾನ್ಯವಾಗಿ ಈ ಹಣ ಸಿಗುವುದು ಐದು ವರ್ಷದ ಸೇವೆಯ ಮೇಲೆ, ಅದು ತುಂಬಲು ಕಾಯುವುದಕ್ಕೆ ಒಂದು ಕಾರಣವಾದರೂ ಇರಲಿ.

ಆಯಾ ಉಳಿದರೆ ಟೀಚರ್ ಉಳಿಯುತ್ತಾರೆ

ನಮ್ಮ ಕಡೆ ಅಡಿಕೆ ಸುಲಿಯುವ ಹಂಗಾಮು ಶುರುವಾಯಿತೆಂದರೆ ಊರಿನ ಹೆಂಗಸರಿಗೆ ರಾತ್ರಿಯಿಡೀ ಕೆಲಸ. ಎಷ್ಟು ಸುಲಿದರೆ ಅಷ್ಟು ದುಡ್ಡು, ಕೈಯಲ್ಲಿ ನಗದು. ಶಾಲೆಯ ಆಯಾ ಸಂಬಳ ಅದರ ಮುಂದೆ ಯಾವ ಲೆಕ್ಕ? ರಾತ್ರಿ ಸುಲಿದು ಬೆಳಿಗ್ಗೆ ನಿದ್ದೆಗಣ್ಣಲ್ಲಿ ಬರುವವರು ಬರುತ್ತಿದ್ದರು, ಉಳಿದವರು “ಮೈ ಹುಷಾರಿಲ್ಲ” ಎಂದು ಹೇಳಿ ಕಳಿಸುತ್ತಿದ್ದರು. ಆ ದಿನ ಎಂಟು ಮಕ್ಕಳ ತರಗತಿಯಲ್ಲಿ ಪಾಠ ಹೇಳುವವರು, ಊಟ ಮಾಡಿಸುವವರು, ಶೌಚಾಲಯಕ್ಕೆ ಕರೆದೊಯ್ಯುವವರು, ಬಟ್ಟೆ ಒದ್ದೆ ಮಾಡಿಕೊಂಡ ಮಗುವನ್ನು ತೊಳೆಯುವವರು ಎಲ್ಲ ಟೀಚರೇ. ಒಬ್ಬ ಮಗುವನ್ನು ತೊಳೆಯಲು ಹೋದರೆ ಉಳಿದ ಏಳು ಮಕ್ಕಳನ್ನು ನೋಡಿಕೊಳ್ಳುವವರು ಇಲ್ಲ. ಹಾಗೆ ಹೋದ ಹೊತ್ತಿನಲ್ಲೇ ಹುಡುಗನೊಬ್ಬ ಗೇಟು ದಾಟಿ ಬಸ್‌ಸ್ಟ್ಯಾಂಡ್ ತಲುಪಿದ್ದ. ಸಿಕ್ಕ, ಏನೂ ಆಗಲಿಲ್ಲ. ಟೀಚರ್ ಮಾತ್ರ ಆ ವಾರವೇ ಪತ್ರ ಕೊಟ್ಟರು. ನಾವು ಅವರಿಗೆ ಕೊಟ್ಟಿದ್ದು ಮೆಮೊ. ಅದು ನಾನು ಮಾಡಿದ ತಪ್ಪುಗಳಲ್ಲಿ ದೊಡ್ಡದು.

ಆಮೇಲೆ ಮಾಡಿದ್ದು ಮೂರು ಕೆಲಸ. ಹಂಗಾಮಿನ ಮೂರು ತಿಂಗಳಿಗೆ ಆಯಾಗಳಿಗೆ ಹಾಜರಾತಿ ಭತ್ಯೆ ಎಂದು ಬೇರೆ ದುಡ್ಡು ಇಟ್ಟೆವು. ಊರಿನಲ್ಲೇ ಇಬ್ಬರು ಬದಲಿ ಹೆಂಗಸರಿಗೆ, ನಮ್ಮದೇ ಮಕ್ಕಳ ಇಬ್ಬರು ತಾಯಂದಿರಿಗೆ, ಒಂದು ವಾರ ಕೆಲಸ ಕಲಿಸಿ ಕರೆದ ದಿನ ಬಂದರೆ ದಿನಗೂಲಿ ಎಂದು ಗೊತ್ತು ಮಾಡಿದೆವು. ಅದೂ ಆಗದ ದಿನ ಎರಡು ತರಗತಿ ಒಟ್ಟು ಸೇರಿಸಿ ಹಾಡು, ಆಟ, ಬಣ್ಣ. ಅಂದು ಪಾಠ ನಿರೀಕ್ಷಿಸುವುದಿಲ್ಲ ಎಂದು ಮುಖ್ಯ ಶಿಕ್ಷಕರೇ ಬೆಳಿಗ್ಗೆ ಹೇಳಬೇಕು. ನಿಮ್ಮ ಊರಲ್ಲಿ ಅಡಿಕೆ ಇಲ್ಲದಿರಬಹುದು, ಕಾಫಿ ಕೊಯ್ಲೋ ಗಾರ್ಮೆಂಟ್ಸ್ ಓವರ್‌ಟೈಮೋ ಇರುತ್ತದೆ. ಆಯಾ ಯಾವ ತಿಂಗಳು ಎಲ್ಲಿ ಹೋಗುತ್ತಾರೆ ಎಂದು ಹಿಂದಿನ ವರ್ಷದ ಹಾಜರಿ ಪುಸ್ತಕ ತೆರೆದು ನೋಡಿ.

ಮಕ್ಕಳ ಸಂಖ್ಯೆಗೆ ಒಂದು ಗೆರೆ

ಸುಪ್ರೀಂ ಕೋರ್ಟ್ 2021ರ ಅಕ್ಟೋಬರ್ 28ರಂದು ರಜನೀಶ್ ಕುಮಾರ್ ಪಾಂಡೆ ಪ್ರಕರಣದ ತೀರ್ಪಿನಲ್ಲಿ ವಿಶೇಷ ಶಾಲೆಗಳ ಅನುಪಾತ ಹೇಳಿದೆ. ಸೆರೆಬ್ರಲ್ ಪಾಲ್ಸಿ ಇರುವ 8 ಮಕ್ಕಳಿಗೆ ಒಬ್ಬ ಶಿಕ್ಷಕರು. ಬೌದ್ಧಿಕ ವಿಕಲತೆ, ಆಟಿಸಂ, ಕಲಿಕಾ ನ್ಯೂನತೆಯಾದರೆ 5 ಮಕ್ಕಳಿಗೆ ಒಬ್ಬರು. ಕಣ್ಣು ಕಿವಿ ಎರಡೂ ಇಲ್ಲದ ಅಥವಾ ಬಹುವಿಕಲತೆಯ ಮಕ್ಕಳಾದರೆ ಇಬ್ಬರಿಗೆ ಒಬ್ಬರು. ನಮ್ಮ ಎಂಟೇ ಹೆಚ್ಚು ಎಂದು ಇದರಿಂದ ತಿಳಿಯಿತು. ಪೋಷಕರು ಮಗುವನ್ನು ಎತ್ತಿಕೊಂಡು ಬಾಗಿಲಲ್ಲಿ ನಿಂತರೆ ಇಲ್ಲ ಎನ್ನುವುದು ಸುಲಭವಲ್ಲ, ನನಗೂ ಆಗಿಲ್ಲ. ಆದರೆ ಹೊಸ ಮಗುವನ್ನು ಸೇರಿಸುವ ಮೊದಲು ಆ ತರಗತಿಯ ಟೀಚರನ್ನು ಕೇಳಿ, ಬೇಕಾದರೆ ವಾರಕ್ಕೆ ಎರಡು ದಿನದಿಂದ ಶುರು ಮಾಡಿ. ಮಗುವನ್ನು ಸೇರಿಸಿಕೊಂಡು ಆಮೇಲೆ ಟೀಚರಿಗೆ ತಿಳಿಸುವುದು ಮಾತ್ರ ಬೇಡ.

ಸೊಂಟ, ಕೈ, ಕಚ್ಚಿದ ಗಾಯ

ಆರು ವರ್ಷದಲ್ಲಿ ಸೇರಿದ ಮಗುವಿಗೆ ಹದಿನಾಲ್ಕಾಗುತ್ತದೆ, ನಲವತ್ತು ಕೆ.ಜಿ. ತೂಗುತ್ತದೆ. ಎತ್ತುವ ಟೀಚರ ವಯಸ್ಸೂ ಎಂಟು ವರ್ಷ ಹೆಚ್ಚಾಗಿರುತ್ತದೆ. ದೊಡ್ಡ ಮಕ್ಕಳನ್ನು ಒಬ್ಬರೇ ಎತ್ತಬಾರದು ಎಂಬ ನಿಯಮವನ್ನು ಗೋಡೆಗೆ ಬರೆಸಿ. ಗಾಲಿಕುರ್ಚಿಯಿಂದ ಮಂಚಕ್ಕೆ ಜಾರಿಸಲು ನುಣುಪಾದ ಹಲಗೆ, ಬಟ್ಟೆ ಬದಲಿಸಲು ಸೊಂಟದೆತ್ತರದ ಬೆಂಚು, ಶೌಚಾಲಯದಲ್ಲಿ ಎರಡು ಕಡೆ ಹಿಡಿಕೆ. ಇವನ್ನು ಊರಿನ ಬಡಗಿಯೇ ಮಾಡಿಕೊಡುತ್ತಾನೆ. ಮಳೆಗಾಲದಲ್ಲಿ ಬಟ್ಟೆ ಒಣಗುವುದಿಲ್ಲ, ಪ್ರತಿ ಮಗುವಿಗೂ ಎರಡು ಜೊತೆ ಹೆಚ್ಚುವರಿ ಇಡಿ. ಇಂಥ ಸಣ್ಣ ವಿಷಯಕ್ಕೂ ಟೀಚರ ಜೀವ ಹೋಗಿರುತ್ತದೆ.

ಕಚ್ಚುವುದು, ಕೂದಲು ಎಳೆಯುವುದು, ತಲೆ ಬಡಿದುಕೊಳ್ಳುವುದರ ಬಗ್ಗೆ ಸೇರುವ ಮೊದಲ ವಾರವೇ ಹೇಳಿಕೊಡಿ. ಮಗು ಕಚ್ಚಿ ಹಿಡಿದಾಗ ಕೈ ಹಿಂದಕ್ಕೆ ಎಳೆದರೆ ಚರ್ಮ ಹರಿಯುತ್ತದೆ; ಮಗುವಿನ ಬಾಯಿ ಕಡೆಗೇ ಮೆಲ್ಲಗೆ ಒತ್ತಿದರೆ ದವಡೆ ಸಡಿಲವಾಗುತ್ತದೆ. ಕೂದಲು ಹಿಡಿದರೆ ಮಗುವಿನ ಕೈಯನ್ನು ನಿಮ್ಮ ತಲೆಗೇ ಒತ್ತಿ ಹಿಡಿಯಿರಿ, ಎಳೆತ ನಿಲ್ಲುತ್ತದೆ. ಫಿಟ್ಸ್ ಬಂದರೆ ಪಕ್ಕಕ್ಕೆ ಮಲಗಿಸಿ, ಬಾಯಿಗೆ ಏನೂ ತುರುಕಬಾರದು, ಗಡಿಯಾರ ನೋಡಿಕೊಳ್ಳಬೇಕು, ಐದು ನಿಮಿಷ ದಾಟಿದರೆ ಆಸ್ಪತ್ರೆ. ಇದನ್ನು ಆಡಿ ತೋರಿಸಿ ಅಭ್ಯಾಸ ಮಾಡಿಸಬೇಕು, ಓದಿ ಹೇಳಿದರೆ ಸಾಲದು.

ಘಟನೆ ಆದ ಮೇಲಿನ ಇಪ್ಪತ್ತು ನಿಮಿಷ ಇನ್ನೂ ಮುಖ್ಯ. ಗಾಯವನ್ನು ಹರಿಯುವ ನೀರಲ್ಲಿ ಸೋಪು ಹಾಕಿ ತೊಳೆದು, ವೈದ್ಯರಿಗೆ ತೋರಿಸಿ ಟಿಟಿ ಬೇಕೇ ಎಂದು ಕೇಳಿ, ಖರ್ಚು ಶಾಲೆಯದು. ಅಷ್ಟು ಹೊತ್ತು ತರಗತಿಗೆ ಬೇರೆಯವರು ಹೋಗಬೇಕು, ಯಾರೂ ಇಲ್ಲದಿದ್ದರೆ ಮುಖ್ಯ ಶಿಕ್ಷಕರೇ ಹೋಗಬೇಕು. “ನೀವೇನು ಮಾಡಿದ್ರಿ ಅವನು ಕಚ್ಚೋಕೆ?” ಎಂದು ಅಂದು ಕೇಳಬೇಡಿ. ಮಾರನೇ ದಿನ ಕೂತು ಮುಂಚೆ ಏನು ನಡೆಯಿತು, ಮಗು ಏನು ಮಾಡಿತು, ಆಮೇಲೆ ಏನು ಸಿಕ್ಕಿತು ಎಂದು ಮೂರು ಕಾಲಂ ಬರೆಯಿರಿ. ನಮ್ಮ ಹುಡುಗನೊಬ್ಬ ಕಚ್ಚುತ್ತಿದ್ದದ್ದೆಲ್ಲ ಬೆಳಿಗ್ಗೆ ಹನ್ನೊಂದರ ಹೊತ್ತಿಗೆ. ಮನೆಯಿಂದ ಏಳಕ್ಕೇ ವ್ಯಾನ್ ಹತ್ತುತ್ತಿದ್ದ, ಹಸಿವು. ಹತ್ತೂವರೆಗೆ ಎರಡು ಬಾಳೆಹಣ್ಣು ಕೊಡಲು ಶುರು ಮಾಡಿದ ಮೇಲೆ ಮುಕ್ಕಾಲು ಪಾಲು ನಿಂತಿತು.

ಬರೆಯುವ ಕೆಲಸಕ್ಕೆ ಹೊತ್ತು ಕೊಡಿ

ಮಗು ಏನೇನು ಮಾಡಬಲ್ಲದು ಎಂದು ಅಳೆಯುವ ಎಂಡಿಪಿಎಸ್ ಎಂಬ ಮೌಲ್ಯಮಾಪನದಲ್ಲಿ 18 ವಿಭಾಗ, ಒಟ್ಟು 360 ಅಂಶಗಳು. ಎಂಟು ಮಕ್ಕಳಿಗೆ 2,880 ಗುರುತು. ಅದರ ಮೇಲೆ ಪ್ರತಿ ಮಗುವಿಗೂ ವೈಯಕ್ತಿಕ ಶಿಕ್ಷಣ ಯೋಜನೆ, ತಿಂಗಳ ವರದಿ, ಅನುದಾನದ ಫೈಲು, ತಪಾಸಣೆಗೆ ಬರುವವರಿಗೆ ಇನ್ನೊಂದು ನಮೂನೆ. ಇದೆಲ್ಲ ಮನೆಯಲ್ಲಿ ರಾತ್ರಿ ನಡೆಯುತ್ತಿತ್ತು. ನಾವು ತಿಂಗಳಿಗೆ ಎರಡು ಶನಿವಾರ ಮಕ್ಕಳಿಗೆ ರಜೆ ಕೊಟ್ಟು ಟೀಚರುಗಳಿಗೆ ಬರೆಯುವ ದಿನ ಮಾಡಿದೆವು, ಆ ದಿನ ಸಭೆ ಇಲ್ಲ, ಅಲಂಕಾರದ ಕೆಲಸ ಇಲ್ಲ. ಮೌಲ್ಯಮಾಪನವನ್ನು ಜೂನ್ ತಿಂಗಳೊಂದರಲ್ಲೇ ಮುಗಿಸುವ ಹಟ ಬಿಟ್ಟು ವಾರಕ್ಕೆ ಇಬ್ಬರು ಮಕ್ಕಳಂತೆ ಹಂಚಿದೆವು. ಅನುದಾನದ ಫೈಲು ಪೂರ್ತಿ ಗುಮಾಸ್ತರಿಗೆ. ಗುಮಾಸ್ತರಿಲ್ಲದ ಶಾಲೆಯಲ್ಲಿ ಕಾರ್ಯದರ್ಶಿಗೆ, ಅಂದರೆ ನನಗೆ. ಅದನ್ನು ಮಾಡಿದ ಮೇಲೆ ನಾನೇ ಬೇಡದ ನಾಲ್ಕು ನಮೂನೆಗಳನ್ನು ರದ್ದು ಮಾಡಿದೆ.

ಮೊದಲ ವರ್ಷದವರನ್ನು ಒಂಟಿ ಬಿಡಬೇಡಿ

ಡಿ.ಎಡ್. ಅಥವಾ ಬಿ.ಎಡ್. ವಿಶೇಷ ಶಿಕ್ಷಣ ಮುಗಿಸಿ ಬಂದವರಿಗೆ ಓದು ಇರುತ್ತದೆ, ಒಂದೇ ಕೋಣೆಯಲ್ಲಿ ಐದು ಬಗೆಯ ಮಕ್ಕಳನ್ನು ಹಿಡಿದಿಡುವ ಅಭ್ಯಾಸ ಇರುವುದಿಲ್ಲ. ಎಲ್ಲರೂ ಬೇಡವೆಂದ ತರಗತಿ ಹೊಸಬರಿಗೇ ಸಿಗುತ್ತದೆ, ಇದು ಎಲ್ಲ ಶಾಲೆಗಳ ಅಘೋಷಿತ ಪದ್ಧತಿ. ತಿರುಗಿಸಿ: ಕಷ್ಟದ ತರಗತಿ ಹಿರಿಯರಿಗೆ, ಹೊಸಬರು ಮೂರು ತಿಂಗಳು ಅವರ ಜೊತೆ. ಮಧ್ಯಾಹ್ನ ಊಟದ ಹೊತ್ತಿಗೆ ಟೀಚರುಗಳು ಎರಡು ಸರದಿಯಲ್ಲಾದರೂ ಸರಿ, ಮಕ್ಕಳಿಲ್ಲದೆ ಇಪ್ಪತ್ತು ನಿಮಿಷ ಕೂತು ಉಣ್ಣುವಂತಾಗಲಿ. “ಇವತ್ತು ಆ ಮಗು ಹೀಗೆ ಮಾಡ್ತು ಅಕ್ಕ, ನೀವಾಗಿದ್ರೆ ಏನ್ ಮಾಡ್ತಿದ್ರಿ?” ಎಂಬ ಮಾತು ಹುಟ್ಟುವುದು ಅಲ್ಲೇ.

ಸಾಮಾನ್ಯ ಶಾಲೆಗಳಲ್ಲಿ ಈ ಒಂಟಿತನ ಇನ್ನೂ ಜಾಸ್ತಿ. ಸಿಬಿಎಸ್‌ಇ ತನ್ನ ಶಾಲೆಗಳಲ್ಲಿ ವಿಶೇಷ ಶಿಕ್ಷಕರ ನೇಮಕ ಕಡ್ಡಾಯ ಮಾಡಿದೆ, ಒಬ್ಬರನ್ನು ನೇಮಿಸಿ ಶಾಲೆ ಕೈ ತೊಳೆದುಕೊಳ್ಳುತ್ತದೆ. ಬೇರೆ ಟೀಚರು ರಜೆ ಹಾಕಿದಾಗೆಲ್ಲ ತರಗತಿ ಕಾಯಲು ಅವರನ್ನೇ ಕಳಿಸುತ್ತಾರೆ, ಕೂರಲು ಜಾಗ ಮೆಟ್ಟಿಲ ಕೆಳಗೆ. ಅವರಿಗೆ ಬಾಗಿಲಿರುವ ಕೋಣೆ ಕೊಡಿ, ವೇಳಾಪಟ್ಟಿಯಲ್ಲಿ ಅವರ ಅವಧಿ ಮುಟ್ಟಬೇಡಿ. ವಿಕಲತೆ ಇರುವ ಮಕ್ಕಳಿಗೆಂದು ನಮ್ಮ ತಾಲ್ಲೂಕುಗಳಲ್ಲಿ ಇರುವ ಸರ್ಕಾರಿ ಸಂಪನ್ಮೂಲ ಶಿಕ್ಷಕರು, ಅಂದರೆ ಬಿಐಇಆರ್‌ಟಿಗಳದ್ದು ಬೇರೆ ಪಾಡು. ಬ್ಲಾಕಿನಲ್ಲಿ ಇರುವ ಕೆಲವರೇ ಹತ್ತಾರು ಶಾಲೆ ಸುತ್ತಬೇಕು, ಶಾಲೆಗೆ ಬರಲಾಗದೆ ಮನೆಯಲ್ಲೇ ಕಲಿಯುವ ಮಕ್ಕಳ ಬಳಿಗೂ ಹೋಗಬೇಕು. 2023ರಿಂದ ಶಕ್ತಿ ಯೋಜನೆಯಲ್ಲಿ ಸರ್ಕಾರಿ ಬಸ್ಸಲ್ಲಿ ಮಹಿಳೆಯರಿಗೆ ಟಿಕೆಟ್ ದುಡ್ಡಿಲ್ಲ, ಸಂತೋಷ. ಬಸ್ಸೇ ಹೋಗದ ಊರಿಗೆ ಏನು ಮಾಡುವುದು? ಅಂಥ ಊರಿನ ಶಾಲೆಯ ಮುಖ್ಯ ಶಿಕ್ಷಕರು ಅವರು ಬರುವ ದಿನ ಗೊತ್ತುಮಾಡಿಕೊಂಡು ಮುಖ್ಯ ರಸ್ತೆಯಿಂದ ಬೈಕಲ್ಲಿ ಕರೆತರುವ ಏರ್ಪಾಡು ಮಾಡಿದರೆ ಅಷ್ಟರಿಂದಲೇ ಎಷ್ಟೋ ಹಗುರ.

ಕಲಿತದ್ದು ಕಣ್ಣಿಗೆ ಕಾಣಲಿ

ಹೈಸ್ಕೂಲ್ ಮೇಷ್ಟರಿಗೆ ವರ್ಷಕ್ಕೊಮ್ಮೆ ಎಸ್ಸೆಸ್ಸೆಲ್ಸಿ ಫಲಿತಾಂಶ ಬರುತ್ತದೆ. ಅಂಗಿಯ ಗುಂಡಿ ಹಾಕಲು ಹದಿನಾಲ್ಕು ತಿಂಗಳು ಕಲಿಸಿದ ಟೀಚರಿಗೆ ಏನು ಬರುತ್ತದೆ? ದಿನವೂ ನೋಡುವವರಿಗೆ ಬದಲಾವಣೆ ಗೊತ್ತೂ ಆಗುವುದಿಲ್ಲ. ಪೋಷಕರ ಒಪ್ಪಿಗೆ ಪಡೆದು ಪ್ರತಿ ಮಗುವಿನ ಒಂದೇ ಕೆಲಸವನ್ನು ಮೂರು ತಿಂಗಳಿಗೊಮ್ಮೆ ಒಂದು ನಿಮಿಷ ವಿಡಿಯೊ ಮಾಡಿ ಶಾಲೆಯ ಕಂಪ್ಯೂಟರಲ್ಲಿ ಇಡಿ. ಜೂನ್‌ದು ಮಾರ್ಚ್‌ದು ಪಕ್ಕಪಕ್ಕ ಹಾಕಿ ಟೀಚರು ಮತ್ತು ತಾಯಿ ಒಟ್ಟಿಗೆ ನೋಡಲಿ. ನಮ್ಮಲ್ಲಿ ಬಿಡುತ್ತೇನೆ ಎಂದಿದ್ದ ಒಬ್ಬರು ಹೀಗೆ ನೋಡಿದ ಮೇಲೆ “ಇವನಿಗೆ ಜಿಪ್ಪು ಹಾಕೋದು ಕಲಿಸಿ ಹೋಗ್ತೀನಿ” ಎಂದರು. ಜಿಪ್ಪು ಆಗಿ ಎರಡು ವರ್ಷವಾಯಿತು, ಅವರು ಈಗಲೂ ಇದ್ದಾರೆ.

ಪೋಷಕರ ವಿಷಯದಲ್ಲಿ ನಿಯಮ ಚಿಕ್ಕದು: ಟೀಚರ ಸ್ವಂತ ನಂಬರು ವಾಟ್ಸಾಪ್ ಗುಂಪಿನಲ್ಲಿ ಬೇಡ, ಶಾಲೆಯ ಫೋನು ಸಂಜೆ ಐದಕ್ಕೆ ಮುಚ್ಚುತ್ತದೆ, ಜಗಳ ಬಂದರೆ ಮುಖ್ಯ ಶಿಕ್ಷಕರ ಕೋಣೆಯಲ್ಲಿ.

ನೋಂದಣಿ ಶಾಲೆಯ ಜವಾಬ್ದಾರಿ ಎಂದುಕೊಳ್ಳಿ

1992ರ ಭಾರತೀಯ ಪುನರ್ವಸತಿ ಪರಿಷತ್ ಕಾಯ್ದೆ ಪ್ರಕಾರ ವಿಶೇಷ ಶಿಕ್ಷಕರು ಕೇಂದ್ರ ಪುನರ್ವಸತಿ ನೋಂದಣಿ ಪುಸ್ತಕದಲ್ಲಿ ಹೆಸರು ಇಟ್ಟುಕೊಂಡಿರಬೇಕು. ಐದು ವರ್ಷಕ್ಕೊಮ್ಮೆ ನವೀಕರಣ, ಅದಕ್ಕೆ ಸಿಆರ್‌ಇ ಎಂಬ ಮುಂದುವರಿದ ಕಲಿಕೆಯ ತರಬೇತಿಯ ಅಂಕಗಳು ಬೇಕು. ನಮ್ಮವರು ತರಬೇತಿಗೆ ಹೋಗಬೇಕಿದ್ದದ್ದು ಬೆಂಗಳೂರು, ಮೈಸೂರುಗಳಿಗೆ. ಬಸ್ಸು, ರೂಮು, ಶುಲ್ಕ, ಮೇಲೆ ಸಂಬಳ ಕಡಿತದ ರಜೆ. ಎಲ್ಲರ ನೋಂದಣಿ ಮುಗಿಯುವ ತಾರೀಖನ್ನು ಕಚೇರಿ ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿ, ವರ್ಷಕ್ಕೆ ಒಂದು ತರಬೇತಿಗೆ ಕರ್ತವ್ಯದ ಮೇಲಿನ ರಜೆ ಮತ್ತು ಖರ್ಚು ಕೊಡಿ. “ಕಲಿಸಿದರೆ ಬಿಟ್ಟು ಹೋಗ್ತಾರೆ” ಎನ್ನುವ ಟ್ರಸ್ಟಿಗಳು ಎಲ್ಲೆಡೆ ಇದ್ದಾರೆ. ನಮ್ಮಲ್ಲಿ ತರಬೇತಿಗೆ ಹೋದವರು ಉಳಿದರು, ಕಳಿಸದವರು ಹೋದರು.

ಹೋಗುವವರನ್ನು ಚೆನ್ನಾಗಿ ಕಳಿಸಿ

ಕೆಲವರು ಹೋಗಿಯೇ ಹೋಗುತ್ತಾರೆ. 2025ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ಮೇಲೆ ಹೇಳಿದ ರಜನೀಶ್ ಕುಮಾರ್ ಪಾಂಡೆ ಪ್ರಕರಣದಲ್ಲೇ ವಿಶೇಷ ಶಿಕ್ಷಕರ ಹುದ್ದೆಗಳನ್ನು ಮಂಜೂರು ಮಾಡಿ ಅಧಿಸೂಚನೆ ಹೊರಡಿಸಬೇಕೆಂದು ರಾಜ್ಯಗಳಿಗೆ ಹೇಳಿದೆ. ಸರ್ಕಾರಿ ಹುದ್ದೆಯ ಆಸೆಗೆ ಅಡ್ಡ ನಿಲ್ಲುವ ಹಕ್ಕು ನಮಗಿಲ್ಲ. ಮೂಲ ಅಂಕಪಟ್ಟಿ ಇಟ್ಟುಕೊಳ್ಳುವುದು, ಅನುಭವ ಪತ್ರಕ್ಕೆ ಅಲೆದಾಡಿಸುವುದು ಮಾಡಿದರೆ ಉಳಿದವರು ನೋಡುತ್ತಿರುತ್ತಾರೆ, ಮುಂದಿನವರು ಸೇರುವ ಮೊದಲೇ ಕೇಳಿ ತಿಳಿದಿರುತ್ತಾರೆ.

ಹೊರಡುವ ಟೀಚರಿಂದ ಒಂದೇ ಒಂದು ಕೆಲಸ ಕೇಳಿ: ಪ್ರತಿ ಮಗುವಿಗೆ ಒಂದು ಪುಟ. ಏನು ತಿನ್ನುತ್ತಾನೆ, ಯಾವ ಶಬ್ದಕ್ಕೆ ಹೆದರುತ್ತಾಳೆ, ಶೌಚಾಲಯ ಬೇಕಾದಾಗ ಯಾವ ಸನ್ನೆ, ಅತ್ತರೆ ಯಾವ ಹಾಡು. ಆ ಪುಟಗಳನ್ನು ಬರೆಯಲು ಕೊನೆಯ ವಾರದಲ್ಲಿ ಎರಡು ದಿನ ತರಗತಿಯಿಂದ ಬಿಡುವು ಕೊಡಿ. ಜೂನ್‌ನಲ್ಲಿ ಬರುವ ಹೊಸ ಟೀಚರ ಮೇಜಿನ ಮೇಲೆ ಮೊದಲ ದಿನವೇ ಅವು ಇರಲಿ, ಜೊತೆಗೆ ಹಳಬರ ಒಪ್ಪಿಗೆ ಕೇಳಿ ಅವರ ಫೋನ್ ನಂಬರು.